ಪಾಲಿನ ಗುಳಿಗೆ

ಚಿಗವ್ವನ ಎಲೆಯಡಿಕೆಯ ಚಂಚಿಯಲ್ಲಿ ಅವ್ವನ ಗುಳಿಗೆ ಸಿಕ್ಕವು. ಐದು. ಹತ್ತು ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ಮಾಡಿದ ಅರ್ಧ ಪಟ್ಟಿ. ಊಟ ಮುಗಿದಿತ್ತು, ಆಯಿಗೆ ಅಡಿಕೆ ಬೇಕಾಗಿತ್ತು, ಚಿಗವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹಾಗಾಗಿ ನಾನು ಚಂಚಿಗೆ ಕೈ ಹಾಕಿದೆ. ಆ ಗುಳಿಗೆಯ ಬಣ್ಣ, ಪಟ್ಟಿಯ ಬೆನ್ನ ಮೇಲಿನ ನೀಲಿ ಅಕ್ಷರ ನನಗೆ ಬಾಯಿಪಾಠ. ಎರಡೂವರೆ ವರ್ಷದಿಂದ ಪ್ರತಿ ತಿಂಗಳು ವಿಜಯಪುರದ ಸ್ಟೇಷನ್ ರಸ್ತೆಯ ಔಷಧದ ಅಂಗಡಿಯಿಂದ ಮೂರು ಪಟ್ಟಿ ತರುವವನು ನಾನೇ.

ಅವ್ವನಿಗೂ ಚಿಗವ್ವನಿಗೂ ಎದೆಯ ಕ್ಯಾನ್ಸರ್ ಆಗಿತ್ತು. ಅವ್ವ ರೇಣವ್ವನಿಗೆ ಮೊದಲು ಆಪರೇಶನ್ ಆಯಿತು. ಅವಳ ಬೆನ್ನಿಗೆ ಹುಟ್ಟಿದ ತಂಗಿ ಬೌರವ್ವನಿಗೆ ಅದಾಗಿ ವರ್ಷ ದಾಟಿದ ಮೇಲೆ. ಇಬ್ಬರೂ ಬಬಲೇಶ್ವರದ ಹೆಣ್ಣುಮಕ್ಕಳು. ಒಂದೇ ಹಂದರದಲ್ಲಿ ಅಣ್ಣ ತಮ್ಮಂದಿರನ್ನು ಮದುವೆಯಾಗಿ ತಿಕೋಟಾದ ನಮ್ಮ ಮನೆಗೆ ಬಂದವರು. ಒಂದೇ ಆಸ್ಪತ್ರೆ, ಒಂದೇ ಡಾಕ್ಟರು, ಇಬ್ಬರಿಗೂ ತೆಗೆದದ್ದು ಎಡಗಡೆಯದೇ. ನೋಡಲು ಬಂದ ನೆಂಟರು ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಯಾವ ಊರಿನ ಯಾವಾಕೆ ಇದೇ ಜಡ್ಡಿನಿಂದ ಎಷ್ಟು ದಿನದಲ್ಲಿ ಸತ್ತಳು ಎಂದು ಹೇಳಿ ಹೋದರು. ಒಬ್ಬನಂತೂ ಯಾವುದೋ ಬೇರಿನ ಪುಡಿ ತಂದಿದ್ದ. ಅವನನ್ನು ನಾನು ಬಾಗಿಲಿನವರೆಗೆ ಬಿಟ್ಟು ಬಂದೆ, ಪುಡಿಯ ಸಮೇತ.

ಅಪ್ಪನ ತಾಯಿ, ನಮ್ಮ ಆಯಿ ಲಕ್ಕವ್ವನದು ಒಂದು ಕಾಯಿದೆ ಇದೆ. ಸೊಸೆಯರಿಬ್ಬರಲ್ಲಿ ಹೆಚ್ಚು ಕಡಿಮೆ ಆಗಬಾರದು. ಒಬ್ಬಳಿಗೆ ಸೀರೆ ಬಂದರೆ ಇನ್ನೊಬ್ಬಳಿಗೆ ಬರುವವರೆಗೆ ಅದು ಟ್ರಂಕಿನಲ್ಲಿರಬೇಕು. ತವರಿನಿಂದ ಶೇಂಗಾ ಹೋಳಿಗೆಯ ಡಬ್ಬಿ ಬಂದರೆ ಆಯಿಯೇ ಎಣಿಸುತ್ತಾಳೆ, ಬೆಸ ಬಂದರೆ ಕೊನೆಯದನ್ನು ಮುರಿಯುತ್ತಾಳೆ. ಚಿಗವ್ವನಿಗೆ ಮಕ್ಕಳಾಗಲಿಲ್ಲ. ಮಗನನ್ನೂ ಪಾಲು ಮಾಡಿಕೊಂಡಿದ್ದಾರೆ ಎಂದು ಆಯಿ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಅದು ಸುಳ್ಳೂ ಅಲ್ಲ. ಅವ್ವ ದ್ರಾಕ್ಷಿ ತೋಟದಲ್ಲಿ ಇರುತ್ತಿದ್ದಳು, ನಾನು ಚಿಗವ್ವನ ಕಂಕುಳಲ್ಲಿ. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟ ದಿನ ಅಪ್ಪ ಬಾರುಕೋಲು ಹಿಡಿದಾಗ ನಡುವೆ ಬಂದು ಏಟು ತಿಂದವಳೂ ಅವಳೇ.

ಅಂಥವಳ ಮುಂದೆ ಆ ಅರ್ಧ ಪಟ್ಟಿ ಹಿಡಿದು ನಿಂತೆ.

"ಇವು ಯಾರ ಗುಳಿಗಿ?"

ಚಿಗವ್ವ ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ಮವ್ವನ್ವು."

"ನಿನ್ನ ಚಂಚ್ಯಾಗ ಯಾಕ ಬಂದ್ವು?"

ಉತ್ತರ ಒಳಗಿನಿಂದ ಬಂತು. ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. "ನಾನಽ ಕೊಟ್ಟೇನಿ. ಚೀರಬ್ಯಾಡ."

ಐದು ತಿಂಗಳಿಂದ ನಡೆದಿತ್ತಂತೆ. ಇವತ್ತು ಅವ್ವ ನುಂಗಿದರೆ ನಾಳೆ ಚಿಗವ್ವ. ಮೂರು ಪಟ್ಟಿ ತಿಂಗಳಿಗೆ ಸರಿಯಾಗಿ ಮುಗಿಯುತ್ತಿದ್ದವು, ನಾನು ಸರಿಯಾಗಿ ತಂದು ಹಾಕುತ್ತಿದ್ದೆ. ಚಿಗವ್ವನಿಗೆ ಸಲೈನಿನ ಔಷಧ ಮುಗಿದಿತ್ತು, ರೇಡಿಯೇಶನ್ನಿನ ಕರೆಂಟು ಕೊಡುವುದೂ ಮುಗಿದಿತ್ತು. ಇನ್ನು ಔಷಧ ಏನೂ ಇಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗಿ ಎಂದು ಡಾಕ್ಟರು ಕಳಿಸಿದ್ದರು. ಅಕ್ಕನಿಗೆ ದಿನವೂ ಗುಳಿಗೆ, ತನಗೆ ಏನೂ ಇಲ್ಲ. ಅಂದರೆ ತನ್ನ ಕೈ ಬಿಟ್ಟರು ಎಂದು ಅವಳು ತಿಳಿದಳು. ಯಾರಿಗೂ ಹೇಳಲಿಲ್ಲ, ಊಟ ಬಿಟ್ಟಳು. ಅದನ್ನು ನೋಡಿದವಳು ಆಯಿ.

ಆಯಿ ಹೊರಸಿನ ಮೇಲಿಂದಲೇ ನನಗೆ ಹೇಳಿದಳು, "ಇಬ್ಬರಿಗೂ ಒಂದಽ ಜಡ್ಡು. ಒಬ್ಬಾಕಿ ದಿನಾ ಔಷಧ ನುಂಗಬೇಕು, ಇನ್ನೊಬ್ಬಾಕಿ ಬಾಯಿ ನೋಡ್ಕೋತ ಕೂಡಬೇಕೇನು? ನಾನಽ ಪಾಲ ಮಾಡ ಅಂದೆ. ಬೈಯೂದಿದ್ರ ನನಗ ಬೈ."

ಆಯಿಗೆ ಎಪ್ಪತ್ತೆಂಟು. ಅವಳನ್ನು ಏನು ಬೈಯುವುದು? ಅಪ್ಪನೂ ಕಾಕಾನೂ ಹೊರಗೆ ಪಂಪಿನ ವೈರು ಜೋಡಿಸುತ್ತ ಕೇಳಿಯೂ ಕೇಳದವರಂತೆ ಇದ್ದರು. ಈ ಮನೆಯ ಗಂಡಸರು ತೋಟದಲ್ಲಿ ಎಲೆಗೆ ಒಂದು ಚುಕ್ಕೆ ಬಿದ್ದರೆ ಓಡುತ್ತಾರೆ, ಹೆಣ್ಣುಮಕ್ಕಳು ಏನು ನುಂಗುತ್ತಾರೆ ಎಂದು ಒಂದು ದಿನವೂ ನೋಡಲಿಲ್ಲ. ನಾನೂ ನೋಡಲಿಲ್ಲ. ಸಿಟ್ಟು ನೆತ್ತಿಗೇರಿತು. ಎಲ್ಲರ ಮೇಲಿನ ಸಿಟ್ಟನ್ನೂ ಎದುರಿಗೆ ಒದ್ದೆ ಕೈಯಲ್ಲಿ ನಿಂತವಳ ಮೇಲೆ ಹಾಕಿದೆ.

"ನಮ್ಮವ್ವನ ಆಯುಷ್ಯ ತಿನ್ನಾಕತ್ತಿ ನೀ. ಗೊತ್ತೈತೇನು?"

ಚಿಗವ್ವ ಅರ್ಧ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವ್ವನ ಹತ್ತಿರ ಇಟ್ಟು, ಉಳಿದ ಪಾತ್ರೆ ತಿಕ್ಕಲು ಹೋದಳು. ‘ನಮ್ಮವ್ವ’ ಎಂದು ಅವಳನ್ನು ಬೇರೆ ಮಾಡಿ ನಾನು ಆಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವಳು ಮನೆಯವರಿಗೂ ತೋಟದ ಆಳುಗಳಿಗೂ ಆಗುವಷ್ಟು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಮುಚ್ಚಿಟ್ಟು, ಅಣ್ಣನ ಮನೆಗೆ ಹೋಗಿ ಬರುತ್ತೇನೆಂದು ಕಾಕಾನಿಗೆ ಹೇಳಿ ಬಬಲೇಶ್ವರದ ಬಸ್ಸು ಹತ್ತಿದಳು.

ಎರಡು ದಿನ ಬಿಟ್ಟು ಅವ್ವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ವಿಜಯಪುರದ ಆಸ್ಪತ್ರೆಗೆ ಹೋದೆ. ಮೃಣಾಲ ಡಾಕ್ಟರು ಜಲನಗರದವರು, ಮೆತ್ತಗೆ ಮಾತನಾಡುವ ಹೆಣ್ಣುಮಗಳು. ಬೈಯುತ್ತಾರೆಂದು ಅವ್ವ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಅವರು ಬೈಯಲಿಲ್ಲ. ಐದು ತಿಂಗಳಲ್ಲಿ ಎಷ್ಟು ಗುಳಿಗೆ ತಪ್ಪಿದವು ಎಂದು ಬರೆದುಕೊಂಡು, ಜಡ್ಡು ಯಾವ ವರ್ಷ ಎಷ್ಟು ತಿರುಗಿ ಬಂದೀತು ಎಂದು ತೋರಿಸಲು ಚೀಟಿಯ ಹಿಂದುಗಡೆ ಎರಡು ಗೆರೆ ಎಳೆದರು. ಒಂದು ಗೆರೆ ನೆಲಕ್ಕೆ ಹತ್ತಿಕೊಂಡಂತೆ ಕಾಗದದ ಕೊನೆಯವರೆಗೆ ಹೋಯಿತು. ಇನ್ನೊಂದು ಶುರುವಿನಲ್ಲೇ ಗುಡ್ಡದ ಹಾಗೆ ಎದ್ದು, ನಡುವೆ ಇಳಿದು, ಆಮೇಲೆ ನೆಲ ಕಂಡಿತು.

"ನೋಡ್ರಿ ರೇಣವ್ವ, ಹೆಸರು ಒಂದಽ ಅದ, ಜಡ್ಡು ಎರಡು ಅವ. ಈ ಉದ್ದನ್ನ ಗೆರಿ ನಿಮ್ದು, ಈ ಗುಡ್ಡ ನಿಮ್ಮ ತಂಗೀದು."

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಅವ್ವನ ಗಂಟು ಮೈಯೊಳಗಿನ ಹಾರ್ಮೋನು ತಿಂದು ಬೆಳೆಯುವ ಜಾತಿಯದು. ಆಪರೇಶನ್ ಆದ ಮೇಲೂ ಅದರ ಬೀಜ ಎಲ್ಲಾದರೂ ಉಳಿದಿದ್ದರೆ ಐದು ವರ್ಷಕ್ಕೂ ಏಳಬಹುದು, ಹದಿನೈದಕ್ಕೂ ಏಳಬಹುದು. ಯಾವ ಒಂದು ವರ್ಷಕ್ಕೂ ಭಯ ದೊಡ್ಡದಲ್ಲ, ಆದರೆ ಬೇಗ ಮುಗಿಯುವುದಿಲ್ಲ. ಗುಳಿಗೆ ಅದರ ಕೂಳು ನಿಲ್ಲಿಸುತ್ತದೆ. ಅವ್ವನಿಗೆ ಕಂಕುಳ ಗಂಟಿಗೂ ಹೋಗಿತ್ತಾದ್ದರಿಂದ ಐದು ವರ್ಷಕ್ಕೆ ಬಿಡುವ ಹಾಗಿಲ್ಲ, ಹತ್ತರವರೆಗೂ ನುಂಗಬೇಕು, ದಿನವೂ. ಚಿಗವ್ವನ ಗಂಟು ಆ ಹಾರ್ಮೋನು ಮುಟ್ಟುವುದೇ ಇಲ್ಲ. ಅದಕ್ಕೆ ಈ ಗುಳಿಗೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಅದು ತಿರುಗಿ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲೇ ಬರುತ್ತದೆ. ಐದು ದಾಟಿತೋ, ಅದರ ಭಯ ಅವ್ವನದಕ್ಕಿಂತ ಕಡಿಮೆ. ಇನ್ನೊಂದು ಮೂರನೆಯ ಜಾತಿಯೂ ಇದೆಯಂತೆ, ಅದಕ್ಕೆ ವರ್ಷ ತುಂಬ ಸೂಜಿ ಮಾಡುತ್ತಾರಂತೆ. ಅದು ನಮ್ಮ ಮನೆಗೆ ಬಂದಿಲ್ಲ.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಅವ್ವ ನನ್ನ ತೊಡೆ ಚಿವುಟಿದಳು.

"ಹೇಳೀನಪಾ, ಇಬ್ಬರಿಗೂ ಹೇಳೀನಿ. ಆದರ ಬ್ಯಾರೆ ಬ್ಯಾರೆ ದಿನಾ ಹೇಳೀನಿ. ಅಕ್ಕ ತಂಗಿ ಮನ್ಯಾಗ ಕೂತು ಜೋಡಿಸಿ ನೋಡ್ತಾರಂತ ನನಗ ಹೊಳೀಲಿಲ್ಲ."

ಆಮೇಲೆ ಅವರು ಕಂಪ್ಯೂಟರಿನಲ್ಲಿ ಏನೋ ನೋಡಿ ಹುಬ್ಬು ಗಂಟಿಕ್ಕಿದರು. ಚಿಗವ್ವ ಮಂಗಳವಾರ ತೋರಿಸಲು ಬರಬೇಕಾಗಿತ್ತು, ಬಂದಿರಲಿಲ್ಲ. ಮಂಗಳವಾರ ಎಂದರೆ ಅವಳು ಬಸ್ಸು ಹತ್ತಿದ ಮರುದಿನ.

"ನಿಮ್ಮವ್ವನಕಿಂತ ಈಗ ಅವರದಽ ಚಿಂತಿ ನನಗ," ಎಂದರು. "ಕರಕೊಂಡ ಬರ್ರಿ."

ಅವ್ವನನ್ನು ತಪಾಸಣೆ ಮಾಡಿ, ರಕ್ತಕ್ಕೂ ಎಕ್ಸ್‌ರೇ ಫೋಟೋಕ್ಕೂ ಕಳಿಸಿದರು. ನಾಲ್ಕು ದಿನದ ಮೇಲೆ ಎಲ್ಲ ನೆಟ್ಟಗಿದೆ ಎಂದು ತಿಳಿಯಿತು. ಆದರೆ ಮನೆಯಲ್ಲಿ ಯಾವುದೂ ನೆಟ್ಟಗಿರಲಿಲ್ಲ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ದಿನಗಳು ಅವು, ಆಳುಗಳಿಗೆ ಬುತ್ತಿ ಹೋಗಬೇಕು. ಇಬ್ಬರು ಬಡಿಯುತ್ತಿದ್ದ ರೊಟ್ಟಿಯನ್ನು ಅವ್ವ ಒಬ್ಬಳೇ ಬಡಿದು ಆಪರೇಶನ್ ಆದ ಎಡಗಡೆಯ ಕೈ ಬಾತುಕೊಂಡಿತು. ನಾನು ಅನ್ನಕ್ಕೆ ನಿಂತೆ. ಕಾಕಾ ಚಹಾಕ್ಕೆ ಉಪ್ಪು ಹಾಕಿದ. ಅದನ್ನು ಅಪ್ಪ ಪೂರ್ತಿ ಕುಡಿದು, ಇನ್ನೊಮ್ಮೆ ಒಲೆಯ ಹತ್ತಿರ ಹೋಗಬೇಡ ಎಂದಷ್ಟೇ ತಮ್ಮನಿಗೆ ಹೇಳಿದ.

ಗುಳಿಗೆಯನ್ನು ಅವ್ವ ನುಂಗಲೇ ಇಲ್ಲ. ಈಗ ಅರ್ಧವೂ ಇಲ್ಲ. ಊಟದ ತಾಟಿನ ಪಕ್ಕ ಪಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು, ಊಟ ಮುಗಿಸಿ ಅದನ್ನು ಮತ್ತೆ ಗೂಡಿನಲ್ಲಿ ಇಡುತ್ತಿದ್ದಳು. ಅಪ್ಪ ಹೇಳಿ ಸೋತ. ನಾನು ಡಾಕ್ಟರ ಗೆರೆಗಳನ್ನು ತೋರಿಸಿ ತೋರಿಸಿ ಸೋತೆ.

"ತಿಳದೈತಿ ನನಗ. ನಾ ಏನ ಹುಚ್ಚಿ ಅಲ್ಲ," ಎಂದಳು ಅವ್ವ. "ಅಕಿ ಹೊಸ್ತಲಾ ದಾಟಿ ಹೋಗ್ಯಾಳ. ನನ್ನ ಗಂಟಲದಾಗ ಇಳಿವಲ್ದು. ಅಕಿ ಬರ್ಲಿ."

ಫೋನು ಮಾಡಿದರೆ ಚಿಗವ್ವ ಕಾಕಾನ ಹತ್ತಿರ ಮಾತ್ರ ಮಾತನಾಡುತ್ತಿದ್ದಳು, ಅಲ್ಲಿ ಶೇಂಗಾ ಬಿಡಿಸುವ ಕೆಲಸವಿದೆ, ಮುಗಿಸಿ ಬರುತ್ತೇನೆ ಎನ್ನುತ್ತಿದ್ದಳು. ಹನ್ನೊಂದು ದಿನ ಹೀಗೆ ಹೋದವು. ಹನ್ನೆರಡನೆಯ ದಿನ ನಾನು ಗಾಡಿ ತೆಗೆದೆ.

ಬಬಲೇಶ್ವರದಲ್ಲಿ ಸೋದರಮಾವ ಬಸಲಿಂಗಯ್ಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿದವನೇ ನಕ್ಕ. ಅದು ಒಳ್ಳೆಯ ನಗೆಯಲ್ಲ.

"ಬಾರಪಾ ಹುಲಿ. ಇನ್ನ ಯಾರ್ಯಾರ ಆಯುಷ್ಯ ಯಾರ್ಯಾರು ತಿಂದಾರ, ಹೇಳಿ ಹೋಗ."

ಮೈಯೆಲ್ಲ ಉರಿಯಿತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಚಿಗವ್ವ ಶೇಂಗಾದ ರಾಶಿಯ ಮುಂದೆ ಕೂತಿದ್ದಳು. ಕೈ ನಿಲ್ಲಿಸಲಿಲ್ಲ, ಊಟ ಮಾಡಿದೆಯಾ ಎಂದು ಕೇಳಿದಳು. ನಾನೂ ಕೂತು ಬಿಡಿಸತೊಡಗಿದೆ. ಡಾಕ್ಟರ ಚೀಟಿ ಜೇಬಿನಲ್ಲಿತ್ತು, ಆದರೆ ಗೆರೆಗಳನ್ನು ತೋರಿಸಲು ಮನಸ್ಸಾಗಲಿಲ್ಲ. ನಾನು ಸಾಲಿಗೆ ಹೋಗಲು ಶುರು ಮಾಡಿದಾಗಿನಿಂದ ಈಕೆ ತೋಟದಲ್ಲಿ ದುಡಿದವಳು.

"ಚಿಗವ್ವಾ, ಚಾಟ್ನಿ ಆದಮ್ಯಾಲ ಡೌನಿ ರೋಗ ಯಾವಾಗ ಬರತೈತಿ?"

ಇವನಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. "ಕುಡಿ ಒಡದು ಹೂವಾಗಿ ಕಾಯಿ ಕಟ್ಟೂತನಕ. ನಲವತ್ತೈವತ್ತ ದಿನ."

"ಆಮ್ಯಾಲ?"

"ಆಮ್ಯಾಲ ಅದರ ಅಂಜಿಕಿ ಇಳೀತೈತಿ."

"ಮತ್ತ ಎಲಿ ಮ್ಯಾಲ ಬೂದಿ ಬೀಳೂ ಭೂರಿ ರೋಗ?"

"ಅದಕ್ಕೇನ, ಹಣ್ಣ ಕೊಯ್ಯೂತನಕ ಕಾಯ್ಕೋತ ಇರತೈತಿ."

"ಭೂರಿ ಔಷಧ ಅರ್ಧಾ ತಗದು ಡೌನಿ ಬಂದ ಪ್ಲಾಟಿಗೆ ಹೊಡದ್ರ?"

"ಎರಡೂ ಪ್ಲಾಟು ಹಾಳು," ಎಂದವಳ ಕೈ ನಿಂತಿತು. "ಅಕ್ಕಂದು ಭೂರಿ," ಎಂದಳು.

"ಹೂಂ."

"ನಂದು ಡೌನಿ."

"ನಿನ್ನ ನಲವತ್ತ ದಿನ ಅಂದ್ರ ಮೂರ ವರ್ಷ. ಆಪರೇಶನ್ ಆಗಿ ವರ್ಷದ ಮ್ಯಾಲ ಎರಡ ತಿಂಗಳ ದಾಟೇತಿ. ಗುಳಿಗಿ ಕೊಡ್ಲಿಲ್ಲಂದ್ರ ಕೈ ಬಿಟ್ಟಾರಂತ ಅಲ್ಲ ಚಿಗವ್ವಾ. ಆ ದಿನದಾಗ ನಾವು ದಿನಾ ಹೋಗಿ ಎಲಿ ಹೊಳ್ಳಿಸಿ ನೋಡ್ತೀವಲ್ಲ, ಹಂಗ ನೋಡಾಕ ಕರೀತಾರ ಅವರು. ಹೋದ ವಾರ ಮಂಗಳವಾರ ನಿಂದಿತ್ತು. ಹೋಗಿಲ್ಲ ನೀ."

ಅವಳು ಬಾಗಿಲಿನ ಕಡೆ ನೋಡಿದಳು. ಮಾವ ಯಾರೊಂದಿಗೋ ಜೋರಾಗಿ ಮಾತನಾಡುತ್ತಿದ್ದ.

"ಗಾಯದ ಬಾಜೂಕ ಒಂದ ಗಂಟ ಕೈಗೆ ಹತ್ತೇತಿ, ಸಂಗು," ಎಂದಳು. "ತೊಗರಿ ಕಾಳಿನಷ್ಟು. ತಿಂಗಳ ಮ್ಯಾಲಾತು. ಅಕ್ಕನ ಗುಳಿಗಿಗೆ ಕರಗತೈತಿ ಅಂತ ಸುಮ್ಮನಿದ್ದೆ."

ನಾನು ಎದ್ದೆ. ಅವಳ ಚೀಲ ಹುಡುಕಿ, ಸೀರೆ ಕುಪ್ಪಸ ಸಿಕ್ಕಂತೆ ತುಂಬಿದೆ. ಅಂಗಳಕ್ಕೆ ಬಂದು ಗಾಡಿಯ ಹತ್ತಿರ ನಿಂತಾಗ ‘ಆ ದಿನ ನಾನು ಆಡಿದ ಮಾತು’ ಎಂದು ಶುರು ಮಾಡಿದೆ.

"ಆಡಿದ್ದು ಆಡಿದಿ," ಎಂದು ಚಿಗವ್ವ ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತಳು. "ಗಾಡಿ ಚಾಲೂ ಮಾಡ."

ತಿಕೋಟಾಕ್ಕೆ ಹೋಗಲಿಲ್ಲ, ಸೀದಾ ಆಸ್ಪತ್ರೆಗೆ ಹೋದೆವು. ಅಪ್ಪನಿಗೆ ಫೋನು ಮಾಡಿದ್ದೆ. ಅವ್ವ ಹಿಟ್ಟು ಹತ್ತಿದ ಕೈಯಲ್ಲೇ ಬಸ್ಸು ಹತ್ತಿ ಬಂದಿದ್ದಳು. ಚಿಗವ್ವ ಆಸ್ಪತ್ರೆಯ ಬಾಕಿನ ಮೇಲೆ ಕೂತಿದ್ದಳು, ಶಬನಮ ಸಿಸ್ಟರ್ ಅವಳ ಹೆಸರು ಬರೆದುಕೊಳ್ಳುತ್ತಿದ್ದರು. ಅವ್ವ ಅವರನ್ನು ದಾಟಿ ಬಂದು ತಂಗಿಯ ಮುಂದೆ ನಿಂತಳು. ಅವಳು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ.

"ಗುಳಿಗ್ಯಾಗ ಪಾಲ ತಗೊಂಡಿ," ಎಂದಳು. "ಗಂಟ ಬಂತು, ಅದರಾಗ ನನಗ ಪಾಲ ಕೊಡ್ಲಿಲ್ಲ ನೀ."

ಚಿಗವ್ವ ಆಗ ಅತ್ತಳು. ಹನ್ನೆರಡು ದಿನದಲ್ಲಿ ಮೊದಲ ಸಲ ಇರಬೇಕು. ಅವ್ವ ಪಕ್ಕದಲ್ಲಿ ಕೂತು, ತನ್ನ ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತ, ಒಳಗೆ ಕರೆಯುವವರೆಗೆ ಬೈಯುತ್ತಲೇ ಇದ್ದಳು.

ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆದರು. ವರದಿಗೆ ಎಂಟು ದಿನ ಎಂದರು.

ಆ ಎಂಟು ದಿನ ಮನೆಯಲ್ಲಿ ರೊಟ್ಟಿಯ ಸಪ್ಪಳ ಎರಡು ಕಡೆಯಿಂದ ಕೇಳಿತು. ಅವ್ವನಿಗೆ ಬಾತ ಕೈಯಲ್ಲಿ ಭಾರ ಎತ್ತಲು ಚಿಗವ್ವ ಬಿಡಲಿಲ್ಲ, ಚಿಗವ್ವನಿಗೆ ಕೊಡ ಹೊರಲು ಅವ್ವ ಬಿಡಲಿಲ್ಲ. ಬೈದಾಡಿಕೊಂಡೇ ಕೆಲಸ ಮಾಡಿದರು. ಗುಳಿಗೆಯ ಮಾತು ತೆಗೆದರೆ, ಇವಳ ವರದಿ ಬರಲಿ ಎಂದು ಅವ್ವ ತಾಟಿನ ಮುಂದಿಂದ ಎದ್ದುಬಿಡುತ್ತಿದ್ದಳು. ನಾನು ಆಯಿಯ ಹೊರಸಿನ ಪಕ್ಕ ಕೂತು ಡೌನಿ, ಭೂರಿ ಎಲ್ಲ ಮತ್ತೊಮ್ಮೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಎರಡು ಜಡ್ಡು ಎಂದು ಯಾರೂ ತನಗೆ ಹೇಳಲಿಲ್ಲ, ಹೇಳಿದ್ದರೆ ತಾನೇಕೆ ಪಾಲು ಮಾಡಿಸುತ್ತಿದ್ದೆ ಎಂದು ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಈ ಕಡೆ ತಿರುಗಿದಳು.

"ಹಂಗಾರ ರೇಣಿ ಪಾಲಿಗೆ ಗುಳಿಗಿ. ನನ್ನ ಬೌರಿ ಪಾಲಿಗೆ ಏನೋ?"

ಡಾಕ್ಟರು ಕೊಟ್ಟ ಉತ್ತರ ನನ್ನ ಹತ್ತಿರ ಇತ್ತು. ಮೂರು ತಿಂಗಳಿಗೊಮ್ಮೆ ತಪಾಸಣೆ. ಅದನ್ನೇ ಹೇಳಿದೆ. ಆಯಿ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನನಗೂ ಅದು ಕೊಡುವಂಥ ವಸ್ತು ಅನ್ನಿಸಲಿಲ್ಲ.

ಒಂಬತ್ತನೆಯ ದಿನ ನಾವು ಮೂವರೂ ಹೋದೆವು. ಮೃಣಾಲ ಡಾಕ್ಟರು ವರದಿ ಓದಿ, ಕನ್ನಡಕ ತೆಗೆದು, ಅದು ಜಡ್ಡಲ್ಲ ಎಂದರು. ಕೊಯ್ದ ಜಾಗದಲ್ಲಿ ಕೊಬ್ಬು ಗಟ್ಟಿಯಾಗಿ ಹಾಗೆ ಗಂಟು ಕಟ್ಟುವುದುಂಟಂತೆ. ಅವ್ವ ಕೈ ಮುಗಿಯಲು ಹೋದಳು. ಡಾಕ್ಟರು ತಡೆದರು.

"ಈ ಸಲ ಅಲ್ಲ. ಮುಂದಿನ ಸಲದ ಮಾತು ನಾ ಕೊಡಂಗಿಲ್ಲ. ಅದಕ್ಕಽ ಬೌರವ್ವ, ಮೂರ ತಿಂಗಳಿಗೆ ತಪ್ಪಸಬ್ಯಾಡ್ರಿ. ಏನರ ಕೈಗೆ ಹತ್ತಿದ್ರ ಮೂರ ತಿಂಗಳಾನೂ ಕಾಯಬ್ಯಾಡ್ರಿ."

ಚಿಗವ್ವ ತಲೆಯಾಡಿಸಿದಳು. ನಾನು ಕಾಕಾನಿಗೆ ಫೋನು ಹಚ್ಚಿ ಸುದ್ದಿ ಹೇಳಿದೆ. ಆ ಕಡೆಯಿಂದ ಏನೂ ಕೇಳಿಸಲಿಲ್ಲ. ತೋಟದಲ್ಲಿ ಸಿಗ್ನಲ್ ಇಲ್ಲ ಎಂದುಕೊಂಡೆ, ಆದರೆ ಕಾಕಾ ಮೂಗು ಸೀಟಿಕೊಂಡದ್ದು ಕೇಳಿಸಿತು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಬೆಳಗಿನ ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ ಇತ್ತು. ಎಲ್ಲರೂ ಹಸಿದಿದ್ದರು, ಹೊಟ್ಟೆ ತುಂಬ ಉಂಡರು. ಊಟವಾದ ಮೇಲೆ ಚಿಗವ್ವ ಎದ್ದು ಗೂಡಿನಿಂದ ಗುಳಿಗೆ ತಂದಳು. ಒಂದನ್ನು ಒತ್ತಿ ತೆಗೆದು ಅವ್ವನ ಅಂಗೈಯಲ್ಲಿ ಇಟ್ಟಳು, ನೀರಿನ ತಂಬಿಗೆ ಹತ್ತಿರ ಸರಿಸಿದಳು. ಅಲ್ಲಿಂದ ಕದಲಲಿಲ್ಲ.

"ನಾ ನುಂಗತೇನಿ, ನೀ ಹೋಗ," ಎಂದಳು ಅವ್ವ.

"ನುಂಗೂದು ನೋಡಿ ಹೋಗ್ತೇನಿ. ದಿನಾ ನಾನಽ ಕೊಡಾಕಿ ಇನ್ನಮ್ಯಾಲ. ನಿನ್ನ ನಂಬೂದಿಲ್ಲ."

ಅವ್ವ ಅಂಗೈ ನೋಡುತ್ತ ಕೂತಳು. "ಹತ್ತ ವರ್ಷಂತ ಬೌರಿ. ಎರಡೂವರಿ ಆಗ್ಯಾವ."

"ಹಂಗಾರ ಇನ್ನ ಏಳೂವರಿ ವರ್ಷ ನಾ ಇರಬೇಕಾತು," ಎಂದಳು ಚಿಗವ್ವ.

ಅವ್ವ ತಲೆಯೆತ್ತಿ ತಂಗಿಯನ್ನು ನೋಡಿದಳು. ಗುಳಿಗೆ ಬಾಯಿಗೆ ಹಾಕಿಕೊಂಡು, ತಂಬಿಗೆ ಎತ್ತಿ ನೀರು ಕುಡಿದಳು.

"ಇರಬೇಕು," ಎಂದಳು.